ರೇಟು ನೋಡಿದೆ, ಆವಕ ನೋಡಲಿಲ್ಲ

ಶಿವಮೊಗ್ಗದಲ್ಲಿ ಪತ್ರಿಕೆಗೆ ವರದಿ ಮಾಡುತ್ತಿದ್ದಾಗ ದಿನದ ಚಿನ್ನದ ದರ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಎರಡೇ ಸಾಲು. 24 ಕ್ಯಾರಟ್‌ಗೆ ಇಷ್ಟು, 22 ಕ್ಯಾರಟ್‌ಗೆ ಇಷ್ಟು. ಆದರೆ ಓದುಗರು ಫೋನ್ ಮಾಡಿ, "ಪೇಪರ್‌ನಲ್ಲಿ ಒಂದು ರೇಟು, ಅಂಗಡಿ ಬಿಲ್ಲಿನಲ್ಲಿ ಇನ್ನೊಂದು, ಯಾಕೆ ಸಾರ್?" ಅಂತ ಕೇಳುತ್ತಿದ್ದರು. ನನಗೇ ಗೊತ್ತಿರಲಿಲ್ಲ.

ಗಾಂಧಿ ಬಜಾರಿನ ಒಬ್ಬ ಹಿರಿಯ ಅಕ್ಕಸಾಲಿಗರ ಹತ್ತಿರ ಸಂಜೆ ಹೋಗಿ ಕೂರತೊಡಗಿದೆ. ಹಳೇ ಗುಂಡಿನ ಸರ ಕರಗಿಸುವುದನ್ನು ಅಲ್ಲೇ ನೋಡಿದ್ದು. ಗುಂಡಿನೊಳಗಿನ ಅರಗು ಉರಿದು ಹೋಗುತ್ತದೆ, ತೂಕ ಇಳಿಯುತ್ತದೆ. ಬೆಸುಗೆಯಲ್ಲಿದ್ದ ತಾಮ್ರ, ಬೆಳ್ಳಿ ಚಿನ್ನದ ಜೊತೆ ಬೆರೆತು ಶುದ್ಧತೆಯೂ ಇಳಿಯುತ್ತದೆ. "ಅಜ್ಜಿ ಸರ ಮಾರುವಾಗ ಮೋಸ ಆಯ್ತು" ಅನ್ನುವ ಎಷ್ಟೋ ದೂರಿನ ಹಿಂದೆ ಇದೇ ಇರುತ್ತದೆ. ಅದನ್ನು ಬರೆದ ವಾರ ಬಂದಷ್ಟು ಫೋನ್ ಮತ್ಯಾವತ್ತೂ ಬಂದಿಲ್ಲ.

ಆಮೇಲೆ ಬರೀ ದರ ಹಾಕುವುದನ್ನು ಬಿಟ್ಟೆ. ಲಂಡನ್ನಿನಲ್ಲಿ ಡಾಲರ್ ಲೆಕ್ಕದಲ್ಲಿ ಒಂದು ಔನ್ಸಿಗೆ, ಅಂದರೆ 31.1 ಗ್ರಾಂಗೆ, ಬೆಲೆ ಕಟ್ಟುತ್ತಾರೆ. ಅದು ರೂಪಾಯಿಗೆ ತಿರುಗಬೇಕು, ಆಮದು ಸುಂಕ ಸೇರಬೇಕು. ಅಂಗಡಿಯಲ್ಲಿ ಮಜೂರಿ, ವೇಸ್ಟೇಜ್, ಎಲ್ಲದರ ಮೇಲೆ 3% ಜಿಎಸ್‌ಟಿ. 2024ರ ಜುಲೈ ಬಜೆಟ್‌ನಲ್ಲಿ ಸುಂಕ 15%ನಿಂದ 6%ಗೆ ಇಳಿದಾಗ ಒಂದು ಸರದ ಪೂರ್ತಿ ಬಿಲ್ಲನ್ನೇ ಬಿಡಿಸಿ ಬರೆದೆ.

ಅಂಗಡಿಯವರು ಸಲಹೆ ಕೇಳತೊಡಗಿದ್ದು ಇಂಥ ಬರಹಗಳಿಂದಲೇ. ತೀರ್ಥಹಳ್ಳಿ ಕಡೆಯ ಒಬ್ಬರು ಮದುವೆ ಸೀಸನ್ನಿಗೆ ಯಾವ ಮಾಲು ತರಿಸಲಿ ಎಂದು ಕೇಳಿದರು. ಅಡಿಕೆಯಲ್ಲಿ ರಾಶಿ ಇಡಿ ಅನ್ನುವ ಬಗೆಗೆ ಒಳ್ಳೇ ರೇಟಿತ್ತು, ಬೆಳೆಗಾರರ ಕೈಯಲ್ಲಿ ದುಡ್ಡಿರುತ್ತದೆ ಅಂದುಕೊಂಡೆ. ಭಾರದ ಹಾರ ತರಿಸಿ ಅಂದುಬಿಟ್ಟೆ. ಮಾಲು ಹಾಗೇ ಉಳಿಯಿತು.

ಊರೂರು ಸುತ್ತಿ ತೋಟ ನೋಡಿದಾಗ ಗೊತ್ತಾಯಿತು. ಎಲೆಚುಕ್ಕಿ ರೋಗ ಬಂದು ಫಸಲೇ ಕಮ್ಮಿಯಾಗಿತ್ತು. ಕ್ವಿಂಟಲಿಗೆ ಎಷ್ಟೇ ರೇಟಿದ್ದರೂ ಮಾರಲು ಕ್ವಿಂಟಲ್ ಬೇಕಲ್ವಾ? ಇದ್ದ ದುಡ್ಡು ಔಷಧಿ ಹೊಡೆಸುವುದಕ್ಕೆ ಹೋಗಿತ್ತು. ಮದುವೆಗಳು ನಿಲ್ಲಲಿಲ್ಲ. ಆದರೆ ಅಮ್ಮಂದಿರು ತಮ್ಮ ಬಳೆ ತಂದು ಕೊಟ್ಟು ಮಗಳಿಗೆ ಹಗುರದ ಸರ ಮಾಡಿಸುತ್ತಿದ್ದರು. ನನ್ನ ಲೆಕ್ಕ ತಪ್ಪಿತ್ತು ಎಂದು ಆ ಅಂಗಡಿಯವರಿಗೆ ನೇರವಾಗಿ ಹೇಳಿ ತೆಗೆದುಕೊಂಡ ಫೀಸು ವಾಪಸ್ ಕೊಟ್ಟೆ.

ಈಗ ಅಡಿಕೆ ಮಂಡಿಯಲ್ಲಿ ರೇಟಿನ ಜೊತೆ ಆವಕವನ್ನೂ, ಅಂದರೆ ಎಷ್ಟು ಮಾಲು ಬಂತು ಅನ್ನುವುದನ್ನೂ, ಬರೆದುಕೊಳ್ಳುತ್ತೇನೆ. ಅಂಗಡಿಯಲ್ಲಿ ಎರಡು ದಿನ ಸುಮ್ನೆ ಕೂರುತ್ತೇನೆ. ಹಳೇ ಚಿನ್ನ ಕೊಟ್ಟು ಕೊಂಡವರು ಎಷ್ಟು, ನಗದು ಕೊಟ್ಟವರು ಎಷ್ಟು, ತೂಕ ಕೇಳಿ ಎದ್ದು ಹೋದವರು ಎಷ್ಟು. ಎದ್ದು ಹೋದವರ ಲೆಕ್ಕ ಯಾವ ಮಾಲೀಕರೂ ಇಟ್ಟಿರುವುದಿಲ್ಲ, ನನಗೆ ಅದೇ ಜಾಸ್ತಿ ಮುಖ್ಯ. ಅವರು ಎಷ್ಟು ಗ್ರಾಂ ಹೇಳಿದಾಗ ಎದ್ದರೋ ಅದಕ್ಕಿಂತ ಕೆಳಗಿನ ತೂಕದ ಮಾಲು ತರಿಸಲು ಹೇಳುತ್ತೇನೆ.

ಈ ಕೆಲಸಕ್ಕೆ ಬರುವ ಹೊಸಬರಿಗೆ ಇನ್ನೊಂದು ಮಾತು. ದುಡ್ಡು ಕೊಟ್ಟು ಸಲಹೆ ಪಡೆಯುವ ಅಂಗಡಿಯ ಬಗ್ಗೆ ನಾನು ಸುದ್ದಿ ಬರೆಯುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ಹಾಗೆ ಹೇಳಿದ್ದಕ್ಕೆ ಇಬ್ಬರು ಮತ್ತೆ ಕರೆಯಲಿಲ್ಲ.