ನೋವಿಲ್ಲದ ದಿನ ನುಂಗುವ ಮಾತ್ರೆ

ಕಾಫಿ ಕೊಯ್ಲು ಜೋರಾಗಿದ್ದ ಡಿಸೆಂಬರ್. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಎಡಗಾಲಿನ ಹೆಬ್ಬೆರಳ ಬುಡ ಕೆಂಡದ ಹಾಗೆ ಸುಡುತ್ತಿತ್ತು. ಸಕಲೇಶಪುರದ ಚಳಿಗೆ ಹೊದ್ದಿದ್ದ ಕಂಬಳಿಯ ಅಂಚು ತಗುಲಿದರೂ ಜೀವ ಹೋಗುತ್ತಿತ್ತು. ಬೆಳಿಗ್ಗೆ ಗಂಬೂಟಿನೊಳಗೆ ಕಾಲು ಇಳಿಯಲಿಲ್ಲ. ಹವಾಯಿ ಚಪ್ಪಲಿಯಲ್ಲೇ ಕಣಕ್ಕೆ ಕುಂಟಿಕೊಂಡು ಹೋದೆ. "ವಾಯು ಅಯ್ಯ, ಆಲೂಗಡ್ಡೆ ಬಿಡಿ" ಎಂದರು ಅಲ್ಲಿದ್ದವರು. ಬಿಟ್ಟೆ. ಹಂದಿ ಮಾಂಸ, ಒಣಮೀನು, ಭಾನುವಾರದ ಬಿಯರ್ ಮಾತ್ರ ಬಿಡಲಿಲ್ಲ. ತಂಟೆ ಇದ್ದದ್ದು ಅವುಗಳಲ್ಲೇ. ಇದು ಗೌಟ್, ರಕ್ತದಲ್ಲಿ ಯೂರಿಕ್ ಆಸಿಡ್ ಅನ್ನುವ ತ್ಯಾಜ್ಯ ಜಾಸ್ತಿಯಾಗಿ ಬರುವ ಕೀಲುನೋವು ಅಂತ ಗೊತ್ತಾದದ್ದು ಆಮೇಲೆ.

ನೋವಿನಲ್ಲೇ ಒಂದು ಕಡೆ ರಕ್ತ ಪರೀಕ್ಷೆ ಮಾಡಿಸಿದೆ. ಯೂರಿಕ್ ಆಸಿಡ್ 6.4 ಬಂತು. "ನಾರ್ಮಲ್, ಉಳುಕಿರಬೇಕು" ಎಂದು ಕಳಿಸಿಬಿಟ್ಟರು. ನೋವು ಎದ್ದಿರುವಾಗ ಈ ಅಂಕಿ ಕಡಿಮೆ ತೋರಿಸಬಹುದು ಅನ್ನೋದು ಆಗ ನನಗೆಲ್ಲಿ ಗೊತ್ತು? ಮೂರನೇ ಸಲ ನೋವು ಬಂದು ಹೋದ ಮೇಲೆ, ಹಾಸನದ ಡಾಕ್ಟರು ಎರಡು ವಾರ ಕಾಯಿಸಿ ಪರೀಕ್ಷೆ ಬರೆದರು. 9.6! "ಗೌಡ್ರೆ, 6.8 ದಾಟಿದರೆ ಅದು ಕರಗದೆ ಕೀಲಿನಲ್ಲಿ ಹರಳು ಕಟ್ಟಬಹುದು. 6ರ ಕೆಳಗೆ ಇಟ್ಟರೆ ಕಟ್ಟಿದ್ದೂ ನಿಧಾನಕ್ಕೆ ಕರಗುತ್ತೆ" ಎಂದರು.

ಯೂರಿಕ್ ಆಸಿಡ್ ಇಳಿಸಲು ಮೊದಲು ಕೊಟ್ಟಿದ್ದು ಅಲೋಪ್ಯೂರಿನಾಲ್ 100 ಮಿ.ಗ್ರಾಂ ಮಾತ್ರೆ. ಎರಡನೇ ವಾರ ಕತ್ತು, ಎದೆಯೆಲ್ಲ ಕೆಂಪು ಗಂದೆ. ಫೋನ್ ಮಾಡಿದ ಕೂಡಲೇ ನಿಲ್ಲಿಸಿದರು. ಈ ಅಲರ್ಜಿ ಕೆಲವರಿಗೆ ಪ್ರಾಣಕ್ಕೇ ಬರುತ್ತದಂತೆ. ಆಮೇಲೆ ಫೆಬುಕ್ಸೊಸ್ಟಾಟ್ 40, ಜೊತೆಗೆ ನೋವು ಮತ್ತೆ ಏಳದಂತೆ ಕಾಲ್ಚಿಸಿನ್ 0.5. ದೇಹದಲ್ಲಿ ಯೂರಿಕ್ ಆಸಿಡ್ ತಯಾರು ಮಾಡುವ ಕಿಣ್ವವನ್ನೇ ಫೆಬುಕ್ಸೊಸ್ಟಾಟ್ ತಡೆಯುತ್ತದೆ. ತೊಟ್ಟಿಯ ನೀರು ಮೊಗೆದು ಚೆಲ್ಲುವುದಲ್ಲ, ವಾಲ್ವ್ ತಿರುಗಿಸುವುದು.

ಕಾಲ್ಚಿಸಿನ್ ನಮ್ಮ ಬೇಲಿಯಲ್ಲಿ ಬೆಳೆಯುವ ಗೌರಿ ಹೂವಿನ ಬಳ್ಳಿಯಲ್ಲೂ ಇದೆ. ಹಾಗಂತ ಗಡ್ಡೆ ಅಗೆದು ಅರೆಯಲು ಹೋಗಬೇಡಿ. ಅದು ಶುದ್ಧ ವಿಷ. ಮಾತ್ರೆಯೇ ಒಂದು ಜಾಸ್ತಿಯಾದರೆ ಹೊಟ್ಟೆ ಕೆಟ್ಟು ಮೂರು ದಿನ ಹಿತ್ತಲಿಗೆ ಓಡಾಡಿಸುತ್ತೆ. ನಾನು ಓಡಾಡಿದ್ದೇನೆ.

ಈಗ ನನ್ನ ದಡ್ಡತನದ ಕಥೆ. ಮಾತ್ರೆ ಶುರು ಮಾಡಿ ತಿಂಗಳಾಗಿರಲಿಲ್ಲ, ಮತ್ತೆ ಹೆಬ್ಬೆರಳು ಊದಿತು. "ಮಾತ್ರೆಯಿಂದಲೇ ಹೀಗಾಯ್ತು" ಅಂತ ಸಿಟ್ಟಿನಲ್ಲಿ ಎರಡನ್ನೂ ಬಿಟ್ಟೆ. ಒಂದರ್ಥದಲ್ಲಿ ನಿಜವೇ. ಯೂರಿಕ್ ಆಸಿಡ್ ಇಳಿದಾಗ ಹಳೇ ಹರಳು ಕದಲಿ ಕೆಣಕುತ್ತದೆ. ಮೊದಲ ಮೂರರಿಂದ ಆರು ತಿಂಗಳು ಕಾಲ್ಚಿಸಿನ್ ಕೊಡುವುದೇ ಅದಕ್ಕೆ. ಎರಡನೇ ಸಲ ಬಿಟ್ಟಿದ್ದು 5.2 ಬಂದಾಗ. ಗುಣವಾಯಿತಲ್ಲ, ಇನ್ಯಾಕೆ ಸುಮ್ನೆ ದುಡ್ಡು? ನಾಲ್ಕು ತಿಂಗಳಿಗೆ, ಮಳೆಗಾಲದ ಏಡಿ ಸಾರಿನ ಮಾರನೇ ದಿನ, ಮೊಣಕಾಲು ಹಿಡಿಯಿತು. ಮನೆಯವಳು ಬಿಸಿನೀರಿನ ಚೀಲ ತಂದರೆ ಅದನ್ನು ನೋಡಿಯೇ ಕಿರುಚಿದೆ.

ಡಾಕ್ಟರು ಬೈಯಲಿಲ್ಲ. ಚೀಟಿಯ ಹಿಂದೆ ದಪ್ಪಕ್ಕೆ ಬರೆದು ಕೊಟ್ಟರು: ನೋವು ಬಂದರೂ ನಿಲ್ಲಿಸಬಾರದು, ಹೋದರೂ ನಿಲ್ಲಿಸಬಾರದು. ಅದು ಈಗ ಫ್ರಿಜ್ಜಿನ ಮೇಲಿದೆ.

ಮೂರನೇ ಸಲ ಬಿಡಿಸಲು ನೋಡಿದ್ದು ಭಾವನ ವಾಟ್ಸಾಪ್. ಫೆಬುಕ್ಸೊಸ್ಟಾಟ್ ಹೃದಯಕ್ಕೆ ಅಪಾಯ ಅಂತ. ಸುಳ್ಳಲ್ಲ, 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಹಾಗೆಂದು ಎಚ್ಚರಿಕೆ ಹಾಕಿಸಿದೆ. ಆದರೆ 2020ರಲ್ಲಿ ಯುರೋಪಿನಿಂದ ಬಂದ ದೊಡ್ಡ ಅಧ್ಯಯನದಲ್ಲಿ ಅಲೋಪ್ಯೂರಿನಾಲ್‌ಗಿಂತ ಜಾಸ್ತಿ ಅಪಾಯ ಕಾಣಲಿಲ್ಲ. ಈ ಸಲ ನಾನೇ ತೀರ್ಮಾನ ಮಾಡದೆ ಡಾಕ್ಟರ ಹತ್ತಿರ ಹೋದೆ. ಇಸಿಜಿ ತೆಗೆದು, ಲಿವರ್ ಪರೀಕ್ಷೆ ಮಾಡಿಸಿ, ಮುಂದುವರಿಸಿ ಎಂದರು. ಹೃದಯದ ಕಾಯಿಲೆ ಇರುವವರು ಕೇಳದೆ ನುಂಗಬಾರದು ಅಂತಲೂ ಹೇಳಿದರು.

ಈಗ ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ, ಎರಡು ಲೋಟ ನೀರು. ಕಾಫಿ ಬಿಡಬೇಕಾಗಲಿಲ್ಲ, ಸದ್ಯ. ಬಲಗಿವಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗಂಟಿತ್ತು. ಅದೂ ಹರಳೇ. ಕಟಿಂಗ್ ಮಾಡುವ ಹುಡುಗ ಪ್ರತಿ ಸಲ "ಅಣ್ಣ, ಇದೇನು?" ಎನ್ನುತ್ತಿದ್ದ. ಹೋದ ತಿಂಗಳು ಕೇಳಲಿಲ್ಲ. ಕನ್ನಡಿ ಮುಂದೆ ನಾನೇ ಬೆರಳಾಡಿಸಿ ಹುಡುಕಿದೆ.