ಕಟ್ಟಿಗೆ ಗೋಡೆಗೆ ಹೊರಗಿನಿಂದ ಕಂಬಳಿ

"ಶೀಟಿನ ಮನಿ, ಗಾಳಿ ಬಂದ್ರ ಹಾರಿ ಹೋಗ್ತದ" ಅಂತ ಹಳೇ ಮನೆಯ ಮೇಲೆ ನಾನು ಎಬ್ಬಿಸಿದ ಕಟ್ಟಿಗೆ ಕೋಣೆ ನೋಡಿ ಧಾರವಾಡದ ನಮ್ಮ ಓಣಿಯವರು ನಕ್ಕಿದ್ದರು. ಎರಡು ಮಳೆಗಾಲ ಕಳೆದವು, ಹಾರಿಲ್ಲ. ಹೋದ ತಿಂಗಳು ನಕ್ಕವರಲ್ಲೇ ಒಬ್ಬರು ತಮ್ಮ ಮಾಳಿಗೆಯ ಅಳತೆ ತೆಗೆಯಲು ನನ್ನನ್ನೇ ಕರೆದರು.

ಕೆಳಗೆ ಹಳೇ ಮನೆ, ಮಣ್ಣಿನ ಗಾರೆಯ ಕಲ್ಲುಗೋಡೆ. ಇಟ್ಟಿಗೆ, ಸ್ಲ್ಯಾಬ್ ತಡೆಯುವುದಿಲ್ಲ. ಹಾಗಾಗಿ ಮಾಳಿಗೆಯ ಮಣ್ಣು ಇಳಿಸಿ, ಮೇಲೆ ಪೈನ್ ಕಟ್ಟಿಗೆಯ ಫ್ರೇಮಿನಲ್ಲಿ ಎರಡು ಕೋಣೆ ಎಬ್ಬಿಸಿದೆ. ಏರಿಸಿದ್ದಕ್ಕಿಂತ ಇಳಿಸಿದ ಮಣ್ಣೇ ಭಾರ ಇತ್ತು.

ಮೊದಲ ಸಲ ಎಲ್ಲರ ಹಾಗೆ ಕಂಬಗಳ ನಡುವೆ ಥರ್ಮೋಕೋಲ್ ತುಂಬಿ, ಒಳಗಡೆ ಪ್ಲಾಸ್ಟಿಕ್ ಹೊದಿಸಿದೆ. ಏಪ್ರಿಲ್ ಮಧ್ಯಾಹ್ನ ಒಳಗೋಡೆ ಮುಟ್ಟಿದರೆ ಹದಿನಾರು ಇಂಚಿಗೊಂದು ಬಿಸಿ ಪಟ್ಟಿ. ಕಟ್ಟಿಗೆಯೇ ಕಾವನ್ನು ಒಳಗೆ ತರುತ್ತಿತ್ತು. ಶ್ರಾವಣದಲ್ಲಿ ಬೋರ್ಡು ಬಿಚ್ಚಿದೆ. ಪ್ಲಾಸ್ಟಿಕ್ ಹಿಂದೆ ನೀರು, ಕಂಬದ ಮೇಲೆ ಕರಿ ಬೂಸು. ಸುಮಾರು 30 ಸಾವಿರ ನೀರಿಗೆ ಹೋಯಿತು, ಮನೆಯವಳ ಮಾತು ಬೇರೆ.

ಆಮೇಲೆ ಹೊರಗಿನಿಂದ 2 ಇಂಚಿನ ಎಕ್ಸ್‌ಪಿಎಸ್ ಶೀಟು, ಅಂದರೆ ಕಾವು ತಡೆಯುವ ಗಟ್ಟಿ ನೀಲಿ ಫೋಮು. ಚದರಡಿಗೆ 60ರ ಆಸುಪಾಸು ಬಿತ್ತು, ಹುಬ್ಬಳ್ಳಿಯಿಂದ ಗಾಡಿ ಬಾಡಿಗೆ ಬೇರೆ. ಶೀಟು ಇದೆಯಲ್ಲ ಅಂತ ಪ್ಲೈವುಡ್ ಹಾಕದೆ ದುಡ್ಡು ಉಳಿಸಲು ಹೋದೆ. ಅದೇ ತಪ್ಪು. ಏಣಿ ಆನಿಸಿದ ದಿನ ಬಾಗಿಲ ಚೌಕಟ್ಟು ಅರ್ಧ ಇಂಚು ವಾಲಿತು. ಫೋಮು ಕಾವು ತಡೆಯುತ್ತದೆ, ಗೋಡೆ ಹಿಡಿಯುವುದಿಲ್ಲ. ಈಗ ನಾಲ್ಕೂ ಮೂಲೆಗೆ 12 ಎಂಎಂ ಪ್ಲೈ, ಅದರ ಮೇಲೆ ಒಂದೂವರೆ ಇಂಚಿನ ಶೀಟು. ಉಳಿದ ಕಡೆ 2 ಇಂಚು. ಹೊರಮೈ ಸಪಾಟು ಬರುತ್ತದೆ. ಇದು ನಾನೇ ಕಂಡುಕೊಂಡದ್ದು ಅಂತ ಹೇಳಿದರೆ ಬಡಿಗೇರ ಒಪ್ಪುವುದಿಲ್ಲ, ಇರಲಿ.

ಮೊಳೆ ಬೇಡ, ತಲೆ ಶೀಟಿನೊಳಗೆ ಹೂತು ಹೋಗುತ್ತದೆ. ಶೀಟಿನ ಮೇಲೆ ಮುಕ್ಕಾಲು ಇಂಚಿನ ರೀಪು ಇಟ್ಟು, 4 ಇಂಚಿನ ಸ್ಕ್ರೂ ಕಂಬಕ್ಕೇ ಬಿಗಿಯಿರಿ. ಒಂದೂಕಾಲು ಇಂಚು ಕಟ್ಟಿಗೆ ಹಿಡಿಯುತ್ತದೆ. ರೀಪಿನ ಮೇಲೆ ಸಿಮೆಂಟ್ ಬೋರ್ಡು. ಹಿಂದಿನ ಸಂದಿಯಲ್ಲಿ ಪಡುವಣ ಮಳೆಯ ನೀರು ಜಾರಿ ಹೋಗುತ್ತದೆ. ಒಳಗಡೆ ಜಿಪ್ಸಮ್ ಬೋರ್ಡು ಹಾಕದೆ ಬಿಡಬೇಡಿ, ಫೋಮಿನ ಶೀಟು ಉರಿಯುತ್ತದೆ. ಪ್ಲಾಸ್ಟಿಕ್ ಮಾತ್ರ ಮತ್ತೆ ಹಾಕಲಿಲ್ಲ.

ಸಿಮೆಂಟ್ ಬೋರ್ಡಿನವನು ಎರಡು ತಿಂಗಳು ಸತಾಯಿಸಿದ. ಅಷ್ಟರಲ್ಲಿ ಬಿಸಿಲಿಗೆ ಶೀಟಿನ ಮೈ ಹಳದಿಯಾಗಿ ಪುಡಿ ಉದುರಿತು, ಶೀಟಿನ ಸಂದಿಗೆ ಅಂಟಿಸಿದ್ದ ಟೇಪೆಲ್ಲ ಕಿತ್ತು ಬಂತು. ಮೈ ಉಜ್ಜಿ ಮತ್ತೆ ಅಂಟಿಸಿದೆ. ಯಾವ ಟೇಪು, ಮೂಲೆಯಲ್ಲಿ ಹೇಗೆ ಮಡಚುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದೇ ನನ್ನ ಹೊಟ್ಟೆಪಾಡು.

ನಡುವೆ ಸುಮ್ನೆ ಒಂದು ಹುಚ್ಚು. ಒಂದು ಸಣ್ಣ ಗೋಡೆಗೆ ಜೋಳದ ದಂಟು ಕಟ್ಟಿ ಮಣ್ಣು ಬಳಿದೆ. ನವಲಗುಂದದ ಕಡೆಯ ದಂಟು, ಬಹುತೇಕ ಪುಕ್ಕಟೆ. ತಂಪಂತೂ ಇತ್ತು, ನಿಜ. ಮೂರನೇ ತಿಂಗಳಿಗೆ ಇಲಿ ಸಂಸಾರ ಹೂಡಿತು.

ಈಗ ಹೊರಗೆ 37-38 ಇದ್ದಾಗ ಒಳಗೆ ಆರೇಳು ಡಿಗ್ರಿ ಕಡಿಮೆ. ಛಾವಣಿಗೂ ಅದೇ ಶೀಟು ಹಾಕಿದ್ದೇನೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುಟ್ಟಿದರೆ ಪಟ್ಟಿ ಇಲ್ಲ.

ಉಳಿದದ್ದು ಇರುವೆ. ಹೋದ ವರ್ಷ ತೆಂಕಣ ಮೂಲೆಯ ಕೆಳಗೆ ನೀಲಿ ಪುಡಿ ಬಿದ್ದಿತ್ತು. ಶೀಟು ಕೊರೆದು ಗೂಡು ಮಾಡಿದ್ದವು. ರೀಪಿನ ಸಂದಿಯ ಬುಡಕ್ಕೆ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ಬಡಿದೆ. ಬೆಳಗ್ಗೆ ಕಸ ಹೊಡೆಯುವಾಗ ಆ ಮೂಲೆ ನೋಡುತ್ತೇನೆ. ಈ ಬೇಸಿಗೆಯಲ್ಲಿ ಇನ್ನೂ ಪುಡಿ ಕಂಡಿಲ್ಲ.