ವಿಜಯಪುರ: ಗೋಳಗುಮ್ಮಟಕ್ಕೂ ಇಬ್ರಾಹಿಂ ರೋಜಾಕ್ಕೂ ನಡುವಿನ ಊರನ್ನು ಕಾಲ್ನಡಿಗೆಯಲ್ಲಿ ನೋಡಿ

ಗೋಳಗುಮ್ಮಟ ಊರಿನ ಪೂರ್ವಕ್ಕಿದೆ, ಸುಲ್ತಾನ ಎರಡನೇ ಇಬ್ರಾಹಿಂನ ಗೋರಿ ಇಬ್ರಾಹಿಂ ರೋಜಾ ಪಶ್ಚಿಮದ ಕೋಟೆಗೋಡೆಯ ಆಚೆಗೆ. ಬಂದವರು ಇವೆರಡನ್ನೂ ಆಟೋದಲ್ಲಿ ಮುಗಿಸಿ ಬಸ್ ಹತ್ತುತ್ತಾರೆ. ಆದಿಲ್‌ಶಾಹಿ ಸುಲ್ತಾನರು ಬಾಳಿ ಬದುಕಿದ ಊರು ಇರುವುದು ನಡುವೆ. ಅದಕ್ಕೆ ಸುಮಾರು 5 ಕಿ.ಮೀ. ನಡಿಗೆ, ನಾಲ್ಕೈದು ತಾಸು ಬೇಕು.

ಜುಮ್ಮಾ ಮಸೀದಿಯಿಂದ ಬೆಳಿಗ್ಗೆ 7ಕ್ಕೆ ಹೊರಟು ಪಶ್ಚಿಮಕ್ಕೆ ನಡೆಯಿರಿ, ಬಿಸಿಲು ಬೆನ್ನಿಗಿರುತ್ತದೆ. ತಲೆಗೆ ಟವೆಲ್, ತಲಾ 2 ಲೀಟರ್ ನೀರು, ಒಂದು ಜೊತೆ ಸಾಕ್ಸ್ ಇರಲಿ. ಮಸೀದಿಗಳಲ್ಲಿ ಚಪ್ಪಲಿ ಬಿಡಬೇಕು, ಹೊತ್ತೇರಿದ ಮೇಲೆ ಅಂಗಳದ ಕಲ್ಲು ಅಂಗಾಲು ಸುಡುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು, ಆ ದಿನ ಬೇಗ ಹೊರಡಿ. ಏಪ್ರಿಲ್‌, ಮೇ ತಿಂಗಳಲ್ಲಂತೂ ಈ ನಡಿಗೆ ಬೇಡ.

ಅರಕಿಲ್ಲದ, ಅಂದರೆ ಒಳಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲೇ ಮೆಹತರ್ ಮಹಲ್ ಸಿಗುತ್ತದೆ. ಹೆಸರು ಮಹಲ್ ಆದರೂ ಇದು ಹಿಂಬದಿಯಲ್ಲಿರುವ ಸಣ್ಣ ಮಸೀದಿಯ ಹೆಬ್ಬಾಗಿಲು. ದೊಡ್ಡ ಅರಮನೆ ಹುಡುಕುತ್ತ ಹೋದವರು ಇದನ್ನು ದಾಟಿಬಿಡುತ್ತಾರೆ. ಬಾಲ್ಕನಿಯ ಕೆಳಗೆ ನಿಂತು ಕತ್ತೆತ್ತಿ ನೋಡಿ: ಅದನ್ನು ಹೊತ್ತ ಆಸರೆಗಳು ಮರದ ಕೆತ್ತನೆಯಷ್ಟು ತೆಳು, ಆದರೆ ಕಲ್ಲು. ಮುಂದಿನ ಅಸರ್ ಮಹಲ್‌ನ ಮುಖ ಪೂರ್ವಕ್ಕೆ, ಕೊಳದ ಕಡೆಗೆ. ಅದರ ಎತ್ತರದ ತೇಗದ ಕಂಬಗಳು ಬೆಳಗಿನ ಬೆಳಕಿನಲ್ಲೇ ಚೆನ್ನ. ಮಹಿಳೆಯರಿಗೆ ಒಳಗೆ ಪ್ರವೇಶವಿಲ್ಲ.

ಮುಂದೆ ಅರಕಿಲ್ಲ. ಗೋಡೆ ಅಲ್ಲಲ್ಲಿ ಒಡೆದು, ಒಳಗೆಲ್ಲ ಸರಕಾರಿ ಕಚೇರಿಗಳಾಗಿರುವುದರಿಂದ ಕೋಟೆಯೊಳಗೆ ಬಂದದ್ದೇ ತಿಳಿಯುವುದಿಲ್ಲ. ಅವಸರ ಮಾಡದೆ ಇಲ್ಲಿ ಒಂದೂವರೆ ತಾಸು ಕಳೆಯಿರಿ. ಕರೀಮುದ್ದೀನ್ ಮಸೀದಿ 1320ರದು, ಆದಿಲ್‌ಶಾಹಿಗಳಿಗಿಂತ ಹಳೆಯದು. ಕಂಬಗಳು ದೇವಾಲಯದವು. ಕಟ್ಟಿದವನು ಸಾಲೋಟಗಿಯ ಬಡಗಿ ರೇವಯ್ಯ ಎಂದು ಅಲ್ಲಿನ ಶಾಸನವೇ ಹೇಳುತ್ತದೆ. ಸಾತ್ ಮಂಜಿಲ್‌ನ ಏಳು ಅಂತಸ್ತುಗಳಲ್ಲಿ ಈಗ ಐದು ಉಳಿದಿವೆ. ಇಲ್ಲಿ ನೀರಿನ ಕೊಳವೆ, ತೊಟ್ಟಿಗಳ ಗುರುತು ಹುಡುಕಿ, ಆಮೇಲೆ ಎದುರಿನ ಪುಟ್ಟ ಜಲ ಮಂಜಿಲ್ ನೋಡಿ. ಊರ ಪಶ್ಚಿಮದ ತೊರವಿ ಹಳ್ಳಿಯಿಂದ ನೆಲದೊಳಗಿನ ಸುರಂಗದಲ್ಲಿ ಊರಿಗೆ ನೀರು ತಂದವರ ಕಟ್ಟಡಗಳಿವು. ನೀರಿನ ಜಾಡು ಹಿಡಿದರೆ ಈ ಊರು ಬೇಗ ಅರ್ಥವಾಗುತ್ತದೆ.

ದಾರಿ ಕೇಳುವಾಗ ಹೆಸರು ಬಿಡಿಸಿ ಹೇಳಿ. 'ಸಾತ್ ಮಂಜಿಲ್' ಅರಕಿಲ್ಲದಲ್ಲಿದೆ, 'ಸಾಠ್ ಕಬರ್' ಊರ ಹೊರಗೆ. ಮಕ್ಕಾ ಮಸೀದಿ ಅರಕಿಲ್ಲದಲ್ಲಿ, ಮಕ್ಕಾ ದರ್ವಾಜಾ ಪಶ್ಚಿಮದ ಗೋಡೆಯಲ್ಲಿ. ಅರ್ಧ ಹೆಸರು ಕೇಳಿದ ಟಂಟಂ (ಶೇರ್ ಆಟೋ) ಓಡಿಸುವವರು ಬೇರೆ ಕಡೆ ಇಳಿಸಿದರೆ ತಪ್ಪು ಅವರದಲ್ಲ.

ಗಗನ ಮಹಲ್‌ನ ಕಮಾನು, ಅರ್ಧಕ್ಕೇ ನಿಂತ ಗೋರಿಕಟ್ಟಡ ಬಾರಾ ಕಮಾನ್ ಎರಡಕ್ಕೂ ಅರ್ಧ ತಾಸು ಸಾಕು. ಕಾವಲು ಗೋಪುರ ಉಪ್ಪಲಿ ಬುರುಜು (1584) ಸುಮಾರು 24 ಮೀಟರ್ ಎತ್ತರ. ಮೆಟ್ಟಿಲು ಹೊರಮೈಗೆ ಸುತ್ತಿಕೊಂಡು ಏರುತ್ತದೆ. ಗೋಡೆಯ ಮಗ್ಗುಲಿಗೇ ಹತ್ತಿ, ಮಕ್ಕಳ ಕೈ ಬಿಡಬೇಡಿ. ಮಳೆಯಲ್ಲಿ ಹತ್ತಲೇಬೇಡಿ. ಮೇಲೆ ನಿಂತರೆ ಬೆಳಗಿನಿಂದ ನಡೆದುಬಂದ ದಾರಿಯೆಲ್ಲ ಕಾಣುತ್ತದೆ, ಪೂರ್ವದ ತುದಿಗೆ ಗೋಳಗುಮ್ಮಟ.

ಕೊನೆಗೆ ಮಕ್ಕಾ ದರ್ವಾಜಾದ ಹತ್ತಿರದ ದೊಡ್ಡ ಮೆಟ್ಟಿಲು ಬಾವಿ, ತಾಜ್ ಬಾವಡಿ. ಎರಡು ಎಂಟುಮೂಲೆಯ ಗೋಪುರಗಳ ನಡುವಿನ ಕಮಾನಿನಿಂದ ಇಳಿಯಿರಿ. ನೀರಿನ ಅಂಚಿನ ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ, ಮೂರ್ನಾಲ್ಕು ಮೆಟ್ಟಿಲು ಮೇಲೆಯೇ ನಿಲ್ಲಿ. ಇಲ್ಲಿಂದ ಬಸ್ ಸ್ಟ್ಯಾಂಡಿಗೆ ಟಂಟಂ ಹಿಡಿಯಬಹುದು.